ವಿಂಟೇಜ್ ಸಿಮ್ ರೇಸಿಂಗ್‌ನಲ್ಲಿ ಗೇರ್ ಲಿವರ್ ಮತ್ತು ಕ್ಲಚ್

ಕೈಯಲ್ಲಿ ಗೇರ್ ಹಾಕಿ, ಎಡಗಾಲಲ್ಲಿ ಕ್ಲಚ್ ಒತ್ತಿ ಓಡಿಸಬೇಕಾಗಿದ್ದ ಕಾಲದ ರೇಸ್ ಕಾರುಗಳನ್ನು ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ, ಅಂಥದೇ ಲಿವರ್ ಮತ್ತು ಮೂರು ಪೆಡಲುಗಳನ್ನು ಮನೆಯಲ್ಲಿ ಜೋಡಿಸಿಕೊಂಡು ಓಡಿಸುವ ವಿದ್ಯೆ. ಬ್ರಿಟನ್ನಿನ ಹಳೆಯ ಕಾರುಗಳ ಸಂಗ್ರಾಹಕರು ‘ವಿಂಟೇಜ್’ ಎಂಬ ಪದವನ್ನು 1919ರಿಂದ 1930ರವರೆಗಿನ ವಾಹನಗಳಿಗಷ್ಟೇ ಮೀಸಲಿಡುತ್ತಾರೆ. ಸಿಮ್ ರೇಸಿಂಗ್‌ನವರ ಬಾಯಲ್ಲಿ ಆ ಪದ ಸಡಿಲ. 1930ರ ದಶಕದ ಗ್ರ್ಯಾಂಡ್ ಪ್ರಿ ಕಾರುಗಳಿಂದ 1980ರ ದಶಕದ ಟರ್ಬೊ ಕಾರುಗಳವರೆಗೆ ಎಲ್ಲವೂ ಅದರೊಳಗೆ ಬರುತ್ತವೆ. ಈ ಕಾಲದ ಮುಕ್ತಾಯದ ಆರಂಭಕ್ಕೆ ಮಾತ್ರ ಒಂದು ನಿಖರ ದಿನ ಹೇಳಬಹುದು. 1989ರ ಮಾರ್ಚ್ 26ರಂದು ಬ್ರೆಜಿಲ್‌ನ ಜಕರೆಪಗ್ವಾದಲ್ಲಿ ನೈಜೆಲ್ ಮ್ಯಾನ್ಸೆಲ್ ಫೆರಾರಿ 640 ಕಾರಿನಲ್ಲಿ ಗೆದ್ದರು. ಜಾನ್ ಬರ್ನಾರ್ಡ್ ವಿನ್ಯಾಸಗೊಳಿಸಿದ ಆ ಕಾರಿನಲ್ಲಿ ಸ್ಟೀರಿಂಗಿನ ಹಿಂದಿನ ಪ್ಯಾಡಲ್ ಎಳೆದರೆ ಸಾಕಿತ್ತು, ಗೇರ್ ಬೀಳುತ್ತಿತ್ತು. ಕೈಲಿವರಿನ ಗೇರ್‌ಬಾಕ್ಸ್ ಇಟ್ಟುಕೊಂಡು ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಕೊನೆಯ ಕಾರು 1991ರ ಮೆಕ್‌ಲಾರೆನ್ ಎಂಪಿ4/6.

ಹಳೆಯ ಕಾರನ್ನು ಸಿಮ್ಯುಲೇಟರ್‌ನಲ್ಲಿ ಪ್ಯಾಡಲ್ ಎಳೆದೂ ಓಡಿಸಬಹುದು. ತುಂಬ ಜನ ಹಾಗೆಯೇ ಓಡಿಸುತ್ತಾರೆ. ಆದರೆ ಲಿವರ್ ಮತ್ತು ಕ್ಲಚ್ ಅಲಂಕಾರದ ವಸ್ತುಗಳಲ್ಲ. ಹಿಂಬದಿಯ ಟೈರುಗಳಿಗೂ ಎಂಜಿನ್ನಿಗೂ ಇರುವ ಸಂಬಂಧವನ್ನು ಪ್ರತಿ ತಿರುವಿನಲ್ಲಿ ಕಡಿದು ಮತ್ತೆ ಜೋಡಿಸುವ ಕೆಲಸ ಅವುಗಳದು. ಹಳೆಯ ಕಾರು ತಿರುವಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದರ ಅರ್ಧ ಉತ್ತರ ಆ ಜೋಡಣೆ ಎಷ್ಟು ನಯವಾಗಿ ಆಯಿತು ಎಂಬುದರಲ್ಲೇ ಇದೆ. ಮನೆಯ ಲಿವರಿಗೆ ಒಂದು ಹುಟ್ಟುದೋಷವೂ ಇದೆ: ಅದರ ಕೆಳಗೆ ಗೇರ್‌ಬಾಕ್ಸೇ ಇಲ್ಲ. ಈ ಕ್ಷೇತ್ರದಲ್ಲಿ ನಡೆದ ಸುಧಾರಣೆಗಳೂ ಜಗಳಗಳೂ ಹೆಚ್ಚುಕಡಿಮೆ ಎಲ್ಲವೂ ಈ ಒಂದು ಕೊರತೆಯ ಸುತ್ತಲೇ ಇವೆ.

ಗೇರ್‌ಬಾಕ್ಸಿನ ಒಳಗೆ

ಸಾಮಾನ್ಯ ಕಾರಿನಲ್ಲಿ ಮುಂದಕ್ಕೆ ಓಡಿಸುವ ಎಲ್ಲ ಗೇರ್‌ಗಳ ಹಲ್ಲುಗಳೂ ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಲಿವರ್ ಆಡಿಸಿದಾಗ ಸರಿಯುವುದು ಶಾಫ್ಟಿನ ಮೇಲಿನ ಒಂದು ಬಳೆ. ಆ ಬಳೆ ಯಾವ ಗೇರ್‌ಗೆ ಹೋಗಿ ಸೇರುತ್ತದೆಯೋ ಅದರ ಮೂಲಕ ಶಕ್ತಿ ಹರಿಯುತ್ತದೆ. ಬಳೆಯ ವೇಗವೂ ಗೇರ್‌ನ ವೇಗವೂ ಬೇರೆಬೇರೆ ಇದ್ದರೆ ಎರಡೂ ಸೇರಲಾರವು, ಕರಕರ ಸದ್ದು ಬರುತ್ತದೆ. ಈ ತೊಂದರೆಗೆ ಸಿಕ್ಕ ಪರಿಹಾರ ಸಿಂಕ್ರೊಮೆಶ್. ಶಂಕುವಿನ ಆಕಾರದ ಒಂದು ಉಂಗುರ ಮೊದಲು ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ, ಆಮೇಲೆ ಬಳೆಯನ್ನು ಒಳಗೆ ಬಿಡುತ್ತದೆ. ಇದನ್ನು ಮೊದಲು ಮಾರಾಟದ ಕಾರಿಗೆ ತಂದದ್ದು 1928ರಲ್ಲಿ ಕ್ಯಾಡಿಲಾಕ್. ಇಂದು ನಮ್ಮ ರಸ್ತೆಯ ಕಾರುಗಳಲ್ಲಿ ಗೇರ್ ಬೆಣ್ಣೆಯಂತೆ ಬೀಳುವುದಕ್ಕೆ ಈ ಉಂಗುರವೇ ಕಾರಣ.

ರೇಸಿನವರಿಗೆ ಈ ನಯ ಬೇಕಿರಲಿಲ್ಲ. ಉಂಗುರ ಉಜ್ಜಲು ತೆಗೆದುಕೊಳ್ಳುವ ಕ್ಷಣವೂ ಅವರಿಗೆ ದುಬಾರಿ. 1957ರಲ್ಲಿ ಮೈಕ್ ಹ್ಯೂಲ್ಯಾಂಡ್ ಇಂಗ್ಲೆಂಡಿನ ಮೇಡನ್‌ಹೆಡ್‌ನಲ್ಲಿ ಶುರುಮಾಡಿದ ಸಂಸ್ಥೆ ಮುಂದಿನ ದಶಕಗಳಲ್ಲಿ ಫಾರ್ಮುಲಾ ಕಾರುಗಳಿಗೆ ಒದಗಿಸಿದ ಪೆಟ್ಟಿಗೆಗಳು ಡಾಗ್ ಬಾಕ್ಸ್‌ಗಳು. ಅಂದರೆ ಬಳೆಯ ಮುಖದಲ್ಲಿ ಕೆಲವೇ ದಪ್ಪ ಗೂಟಗಳು, ಎದುರಿನ ಗೇರ್‌ನಲ್ಲಿ ಅವು ಬೀಳಲು ಅಗಲವಾದ ಸಂದುಗಳು. ಸಂದು ಅಗಲವಾಗಿರುವುದರಿಂದ ವೇಗ ತುಸು ಹೆಚ್ಚುಕಡಿಮೆ ಇದ್ದರೂ ಗೂಟ ಒಳಗೆ ಬೀಳುತ್ತದೆ. ಆದರೆ ಲಿವರನ್ನು ಅಂಜುತ್ತ ತಳ್ಳಿದರೆ ಗೂಟಗಳ ಅಂಚು ಒಂದಕ್ಕೊಂದು ತಟ್ಟುತ್ತ ಸವೆದುಹೋಗುತ್ತದೆ. ಸಿಂಕ್ರೊಮೆಶ್‌ಗೆ ತಾಳ್ಮೆಯ ಕೈ ಬೇಕು, ಡಾಗ್ ಬಾಕ್ಸ್‌ಗೆ ಹಿಂಜರಿಯದ ಕೈ ಬೇಕು. ಮನೆಯ ಕಾರಿನ ಅಭ್ಯಾಸವನ್ನೇ ಸಿಮ್ಯುಲೇಟರ್‌ಗೆ ತಂದವರು ಮೊದಲು ಎಡವುವುದು ಇಲ್ಲಿ.

ಇದರಿಂದ ಹುಟ್ಟುವ ಒಂದು ಸಂಗತಿ ಹೊಸಬರಿಗೆ ಅಚ್ಚರಿ ತರುತ್ತದೆ. ಡಾಗ್ ಬಾಕ್ಸ್ ಇರುವ ಕಾರಿನಲ್ಲಿ ಗೇರ್ ಏರಿಸುವಾಗ ಕ್ಲಚ್ ಒತ್ತಲೇಬೇಕೆಂದಿಲ್ಲ. ಆಕ್ಸಿಲರೇಟರಿನಿಂದ ಕಾಲನ್ನು ಒಂದು ಕ್ಷಣ ಸಡಿಲಿಸಿದರೆ ಗೂಟಗಳ ಮೇಲಿನ ಒತ್ತಡ ಇಳಿಯುತ್ತದೆ. ಆ ಸಂದಿನಲ್ಲೇ ಲಿವರ್ ಎಳೆದರೆ ಗೇರ್ ಬಿಟ್ಟು ಮುಂದಿನದಕ್ಕೆ ಬೀಳುತ್ತದೆ. ಕ್ಲಚ್ ಅನಿವಾರ್ಯವಾಗುವುದು ನಿಂತಲ್ಲಿಂದ ಹೊರಡುವಾಗ, ಸ್ಪಿನ್ ಆದಾಗ ಎಂಜಿನ್ ಆಫ್ ಆಗದಂತೆ ಉಳಿಸಿಕೊಳ್ಳಲು, ಮತ್ತು ಬಹಳ ಚಾಲಕರ ಮಟ್ಟಿಗೆ ಗೇರ್ ಇಳಿಸುವಾಗ.

ಗೇರ್ ಇಳಿಸುವುದು

ವಿಂಟೇಜ್ ಸಿಮ್ ರೇಸಿಂಗ್‌ನ ನಿಜವಾದ ಪರೀಕ್ಷೆ ನಡೆಯುವುದು ತಿರುವಿಗೆ ಮುಂಚೆ, ಬ್ರೇಕ್ ಹಾಕುತ್ತಿರುವ ಎರಡು ಮೂರು ಸೆಕೆಂಡುಗಳಲ್ಲಿ. ಒಂದು ಲೆಕ್ಕ ಹಾಕಿ ನೋಡೋಣ. ನಾಲ್ಕನೇ ಗೇರ್‌ನ ಅನುಪಾತ 1.25, ಮೂರನೆಯದು 1.50, ಎರಡನೆಯದು 2.00 ಎಂದಿಟ್ಟುಕೊಳ್ಳಿ. ಬ್ರೇಕ್ ಹಾಕುತ್ತ ನಾಲ್ಕನೇ ಗೇರ್‌ನಲ್ಲಿ ಎಂಜಿನ್ ನಿಮಿಷಕ್ಕೆ 6,500 ಸುತ್ತಿಗೆ ಇಳಿದಿದೆ. ಅದೇ ವೇಗದಲ್ಲಿ ಮೂರಕ್ಕೆ ಹಾಕಿದರೆ ಎಂಜಿನ್ 7,800 ಸುತ್ತು ತಿರುಗಬೇಕಾಗುತ್ತದೆ. ಆದರೆ ಕ್ಲಚ್ ಒತ್ತಿ, ಆಕ್ಸಿಲರೇಟರ್ ಬಿಟ್ಟ ಆ ಕ್ಷಣದಲ್ಲಿ ಎಂಜಿನ್ ಇನ್ನೂ ಕೆಳಗಿಳಿದಿರುತ್ತದೆ. ಹಾಗೆಯೇ ಕ್ಲಚ್ ಬಿಟ್ಟರೆ ಕಡಿಮೆ ಬಿದ್ದ ಸುತ್ತನ್ನೆಲ್ಲ ಎಂಜಿನ್ನಿಗೆ ತುಂಬಿಕೊಡುವ ಹೊಣೆ ಹಿಂದಿನ ಟೈರುಗಳ ಮೇಲೆ ಬೀಳುತ್ತದೆ. ಬ್ರೇಕಿನ ಭಾರವನ್ನೂ ಹೊತ್ತಿರುವ ಟೈರುಗಳಿಗೆ ಇದು ಕೈಬ್ರೇಕ್ ಎಳೆದಂತೆ. ಅವು ಹಿಡಿತ ಬಿಡುತ್ತವೆ, ಕಾರಿನ ಹಿಂಭಾಗ ಮುಂದಕ್ಕೆ ಬರುತ್ತದೆ.

ಆದ್ದರಿಂದ ಕ್ಲಚ್ ಒತ್ತಿರುವಾಗಲೇ ಎಂಜಿನನ್ನು ಒಂದು ಸಲ ರೈಸ್ ಮಾಡಿ, ಸುತ್ತನ್ನು 7,800ರ ಹತ್ತಿರ ತಂದು, ಆಮೇಲೆ ಕ್ಲಚ್ ಬಿಡಬೇಕು. ಆದರೆ ಬಲಗಾಲು ಬ್ರೇಕಿನ ಮೇಲಿದೆ. ಅದನ್ನು ಅಲ್ಲಿಂದ ತೆಗೆಯುವಂತಿಲ್ಲ. ಪಾದದ ಎಡ ಅಂಚು ಬ್ರೇಕನ್ನು ಒತ್ತಿ ಹಿಡಿದಿರಬೇಕು, ಬಲ ಅಂಚು ಹೊರಳಿ ಆಕ್ಸಿಲರೇಟರನ್ನು ತಟ್ಟಬೇಕು. ಇದಕ್ಕೆ ‘ಹೀಲ್ ಅಂಡ್ ಟೋ’ ಎಂದು ಹೆಸರು. ಹೆಸರಿನಲ್ಲಿ ಹಿಮ್ಮಡಿ ಇದ್ದರೂ ಇಂದು ಹೆಚ್ಚಿನವರು ಹಿಮ್ಮಡಿ ಬಳಸದೆ ಪಾದದ ಎರಡು ಅಂಚುಗಳಿಂದಲೇ ಈ ಕೆಲಸ ಮಾಡುತ್ತಾರೆ. ಕಲಿಯಲು ವಾರಗಳೇ ಬೇಕು. ಬ್ರೇಕಿನ ಒತ್ತಡ ಏರಿಳಿಯದಂತೆ ಬಲ ಅಂಚನ್ನು ಮಾತ್ರ ಆಡಿಸುವುದು ತಬಲದ ಮೇಲೆ ಎರಡು ಕೈಗೆ ಎರಡು ಲಯ ಕೂರಿಸಿದಂತಹ ಕಸರತ್ತು. ಒಮ್ಮೆ ಕೂತರೆ ಮತ್ತೆ ಯೋಚಿಸಬೇಕಾಗುವುದಿಲ್ಲ.

ಗಡಿಬಿಡಿಯಲ್ಲಿ ಮೂರರ ಬದಲು ಎರಡಕ್ಕೆ ಬಿದ್ದರೆ? ಮೇಲಿನ ಲೆಕ್ಕದಲ್ಲೇ ಎಂಜಿನ್ 10,400 ಸುತ್ತು ತಿರುಗಬೇಕಾಗುತ್ತದೆ. 9,000ಕ್ಕೆ ಕಟ್ಟಿದ ಎಂಜಿನ್ ಅಲ್ಲಿಗೆ ಮುಗಿಯಿತು. ಎಂಜಿನ್ ತಾನಾಗಿಯೇ ಮಿತಿ ಮೀರಿ ತಿರುಗದಂತೆ ಲಿಮಿಟರ್ ತಡೆಯಬಲ್ಲದು. ಚಕ್ರಗಳೇ ಎಂಜಿನನ್ನು ತಿರುಗಿಸತೊಡಗಿದರೆ ಅದರ ಆಟ ನಡೆಯದು. ಒಳ್ಳೆಯ ಸಿಮ್ಯುಲೇಟರ್‌ಗಳೆಲ್ಲ ಈ ಹಾನಿಯನ್ನು ಲೆಕ್ಕಕ್ಕೆ ಹಿಡಿಯುತ್ತವೆ. ವಿಂಟೇಜ್ ಓಟಗಳಲ್ಲಿ ಹೊಗೆಯಾಡುತ್ತ ನಿಂತ ಎಷ್ಟೋ ಕಾರುಗಳ ಹಿಂದೆ ಇಂಥ ಒಂದು ತಪ್ಪು ಗೇರ್ ಇರುತ್ತದೆ.

ಡಬಲ್ ಕ್ಲಚ್ ಎಂಬ ಇನ್ನೊಂದು ವಿಧಾನ ಕರ್ನಾಟಕದ ಹಳೆಯ ಚಾಲಕರಿಗೆ ಹೊಸತೇನಲ್ಲ. ಸಿಂಕ್ರೊಮೆಶ್ ಇಲ್ಲದ ಲಾರಿಗಳನ್ನು ಘಾಟಿಗಳಲ್ಲಿ ಇಳಿಸಿದವರು ದಿನವೂ ಮಾಡುತ್ತಿದ್ದದ್ದು ಇದನ್ನೇ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರುವುದು, ಕ್ಲಚ್ ಬಿಟ್ಟು ಎಂಜಿನ್ ರೈಸ್ ಮಾಡುವುದು, ಮತ್ತೆ ಒತ್ತಿ ಕೆಳಗಿನ ಗೇರ್ ಹಾಕುವುದು. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಪೆಟ್ಟಿಗೆಯೊಳಗಿನ ಶಾಫ್ಟು ಕೂಡ ಎಂಜಿನ್ನಿನ ಜೊತೆಗೆ ವೇಗ ಪಡೆಯುತ್ತದೆ, ಹಾಗಾಗಿ ಹಲ್ಲುಗಳು ಸಲೀಸಾಗಿ ಸೇರುತ್ತವೆ. ಸಿಮ್ಯುಲೇಟರ್‌ನಲ್ಲಿ ಈ ಶ್ರಮಕ್ಕೆ ಫಲ ಸಿಗಬೇಕಾದರೆ ಪ್ರೋಗ್ರಾಮು ಆ ಒಳಶಾಫ್ಟಿನ ವೇಗವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಿರಬೇಕು. ಬಹಳಷ್ಟು ಪ್ರೋಗ್ರಾಮುಗಳು ಎಂಜಿನ್ನಿನ ವೇಗವನ್ನಷ್ಟೇ ನೋಡುತ್ತವೆ. ಅಂಥಲ್ಲಿ ಒಂದೇ ಸಲ ಕ್ಲಚ್ ಒತ್ತಿ, ಸರಿಯಾಗಿ ರೈಸ್ ಮಾಡಿದರೂ ಫಲ ಒಂದೇ.

1967ರ ಕಾರುಗಳು, 1998ರ ಪ್ರೋಗ್ರಾಮು

ಈ ವಿದ್ಯೆಗೆ ಒಂದು ತವರು ಇದ್ದರೆ ಅದು ‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’. ಡೇವಿಡ್ ಕೆಮ್ಮರ್ ಮತ್ತು ಒಮರ್ ಖುದಾರಿ 1987ರಲ್ಲಿ ಸ್ಥಾಪಿಸಿದ ಪಪೈರಸ್ ಎಂಬ ಅಮೆರಿಕನ್ ಸಂಸ್ಥೆ ಇದನ್ನು ರೂಪಿಸಿತು. 1998ರಲ್ಲಿ ಸಿಯೆರ್ರಾ ಇದನ್ನು ಪ್ರಕಟಿಸಿತು. ವಸ್ತು: 1967ರ ಫಾರ್ಮುಲಾ ಒನ್ ಋತು. ಆ ವರ್ಷವನ್ನೇ ಆರಿಸಿದ್ದು ಜಾಣತನ. ಮೂರು ಲೀಟರ್ ಎಂಜಿನ್ನಿನ, ಕನಿಷ್ಠ 500 ಕಿಲೋ ತೂಕದ ಕಾರುಗಳು. ರೆಕ್ಕೆಗಳು ಬರುವುದಕ್ಕೆ ಇನ್ನೂ ಒಂದು ವರ್ಷವಿತ್ತು, ರೇಡಿಯಲ್ ಟೈರುಗಳು ಫಾರ್ಮುಲಾ ಒನ್‌ಗೆ ಬರಲು ಹತ್ತು ವರ್ಷ. ಗಾಳಿ ಕಾರನ್ನು ನೆಲಕ್ಕೆ ಒತ್ತುವುದಿಲ್ಲ, ಟೈರು ಜಾರುತ್ತಲೇ ಹಿಡಿಯುತ್ತದೆ. ಇಂಥ ಕಾರಿನಲ್ಲಿ ಗೇರ್ ಇಳಿಸುವಾಗಿನ ಒಂದು ಒರಟು ಜರ್ಕು ಕೂಡ ನೇರವಾಗಿ ದಿಕ್ಕನ್ನೇ ಬದಲಿಸುತ್ತದೆ.

ಆ ಋತುವಿನ ನಾಯಕ ಕಾರು ಲೋಟಸ್ 49. ಜೂನ್ 4ರಂದು ಜ್ಯಾಂಡ್‌ವೋರ್ಟ್‌ನಲ್ಲಿ ಮೊದಲ ಸಲ ಓಟಕ್ಕಿಳಿದು, ಜಿಮ್ ಕ್ಲಾರ್ಕ್ ಕೈಯಲ್ಲಿ ಆ ದಿನವೇ ಗೆದ್ದಿತು. ಅದರ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ 9,000 ಸುತ್ತಿನಲ್ಲಿ ಸುಮಾರು 400 ಅಶ್ವಶಕ್ತಿ ಕೊಡುತ್ತಿತ್ತು. ಆದರೆ ಆ ಶಕ್ತಿ ಸಮವಾಗಿ ಬರುತ್ತಿರಲಿಲ್ಲ. ಸುಮಾರು 6,500 ಸುತ್ತು ದಾಟಿದ ಮೇಲೆ ಏಕಾಏಕಿ ನುಗ್ಗುತ್ತಿತ್ತು. ಆ ಗಡಿಯ ಕೆಳಗೆ ಬಿದ್ದರೆ ಕಾರು ಎಳೆಯದು, ತಿರುವಿನ ಮಧ್ಯೆ ಗಡಿ ದಾಟಿದರೆ ಹಿಂದಿನ ಚಕ್ರ ತಿರುಗಿಹೋಗುವುದು. ಯಾವ ತಿರುವಿಗೆ ಯಾವ ಗೇರ್ ಎಂಬ ತೀರ್ಮಾನ ಇಲ್ಲಿ ವೇಗದ ಪ್ರಶ್ನೆಯಷ್ಟೇ ಅಲ್ಲ, ಕಾರು ರಸ್ತೆಯ ಮೇಲಿರುವ ಪ್ರಶ್ನೆ. ಆರಂಭದಲ್ಲಿ ಈ ಕಾರಿಗಿದ್ದದ್ದು ಜರ್ಮನಿಯ ಝಡ್‌ಎಫ್ ಕಂಪನಿಯ ಐದು ಗೇರ್‌ಗಳ ಪೆಟ್ಟಿಗೆ. ಟ್ರ್ಯಾಕಿಗೆ ತಕ್ಕಂತೆ ಅನುಪಾತ ಬದಲಿಸುವುದು ಅದರಲ್ಲಿ ಸುಲಭವಿರಲಿಲ್ಲ. 1968ರ 49ಬಿ ಮಾದರಿಗೆ ಹ್ಯೂಲ್ಯಾಂಡ್ ಬಂತು. ಪ್ರತಿಸ್ಪರ್ಧಿಗಳಲ್ಲಿ ಬಿಆರ್‌ಎಂ ತಂಡದ ಎಚ್-16 ಎಂಜಿನ್ನಿನ ಕಾರಿಗೆ ಆರು ಗೇರ್. ಆ ವರ್ಷದ ಚಾಂಪಿಯನ್ ಡೆನ್ನಿ ಹುಲ್ಮ್ ಓಡಿಸಿದ ಬ್ರ್ಯಾಭಮ್‌ನ ಶಕ್ತಿ ಕಡಿಮೆ, ಸ್ವಭಾವ ಸೌಮ್ಯ. ಗೇರ್ ಕಲಿಯುವವರಿಗೆ ಇಂದಿಗೂ ಮೊದಲು ಕೊಡಬೇಕಾದ ಕಾರು ಅದೇ ಎಂದು ನನ್ನ ಎಣಿಕೆ.

‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’ನಲ್ಲಿ 11 ಟ್ರ್ಯಾಕುಗಳಿದ್ದವು. ಆ ವರ್ಷದ ಫ್ರೆಂಚ್ ಗ್ರ್ಯಾಂಡ್ ಪ್ರಿ ನಡೆದದ್ದು ಲ ಮಾನ್‌ನಲ್ಲಾದರೂ ಪಪೈರಸ್‌ನವರು ಅದರ ಬದಲು ರೂಆನ್‌ನ ಸುಂದರ ಇಳಿಜಾರು ರಸ್ತೆಗಳನ್ನು ಸೇರಿಸಿದರು. ಗೇರ್ ಅಭ್ಯಾಸಕ್ಕೆ ಮಹಾವಿದ್ಯಾಲಯವೆಂದರೆ 22.8 ಕಿಲೋಮೀಟರ್ ಉದ್ದದ ನ್ಯೂರ್‌ಬರ್ಗ್‌ರಿಂಗ್. 1957ರ ಆಗಸ್ಟ್ 4ರಂದು ಹುವಾನ್ ಮನುವೆಲ್ ಫಾಂಜಿಯೊ ಮಸೆರಾಟಿ 250ಎಫ್ ಕಾರಿನಲ್ಲಿ ಪಿಟ್‌ನಲ್ಲಿ ಕಳೆದುಕೊಂಡ ಸಮಯವನ್ನೆಲ್ಲ ಗಳಿಸಿ, 9 ನಿಮಿಷ 17.4 ಸೆಕೆಂಡಿನ ಸುತ್ತು ಹಾಕಿ, ಮುಂದಿದ್ದ ಎರಡು ಫೆರಾರಿಗಳನ್ನು ಹಿಂದಿಕ್ಕಿದ್ದು ಇಲ್ಲೇ. ಕೆಲವು ತಿರುವುಗಳನ್ನು ಅವರು ಅಂದು ಎಂದಿಗಿಂತ ಒಂದು ಗೇರ್ ಮೇಲೆ ತೆಗೆದುಕೊಂಡರು. ಸಿಮ್ಯುಲೇಟರ್‌ನಲ್ಲಿ ಇದನ್ನು ಮಾಡಿ ನೋಡಿದವರಿಗೆ ಅದರ ಅರ್ಥ ತಿಳಿಯುತ್ತದೆ. ಒಂದು ಗೇರ್ ಮೇಲಿದ್ದರೆ ಎಂಜಿನ್ನಿನ ಹಿಡಿತ ಮೆದುವಾಗುತ್ತದೆ, ಹಿಂಭಾಗ ಶಾಂತವಾಗಿರುತ್ತದೆ. ಆದರೆ ತಿರುವಿನಿಂದ ಹೊರಬರುವಾಗ ಎಳೆತವಿರುವುದಿಲ್ಲ, ಅದಕ್ಕಾಗಿ ಒಳಗೆ ಹೋಗುವಾಗಲೇ ವೇಗ ಬಿಡದ ಧೈರ್ಯ ಬೇಕು.

ವಿಚಿತ್ರವೆಂದರೆ ಈ ಪ್ರೋಗ್ರಾಮು ಬಂದಾಗ ಮನೆಗಳಲ್ಲಿದ್ದ ಸ್ಟೀರಿಂಗ್ ಸೆಟ್ಟುಗಳಲ್ಲಿ ಹೆಚ್ಚಿನವಕ್ಕೆ ಎರಡೇ ಪೆಡಲು. ಕ್ಲಚ್ ಬೇಡುವ ಕಾರುಗಳು ಕ್ಲಚ್ ಇಲ್ಲದ ಮೇಜುಗಳಿಗೆ ಬಂದಿದ್ದವು. ಅದರ ಕಷ್ಟಕ್ಕೆ ಹೆದರಿ ಅನೇಕರು ಬಿಟ್ಟರು, ಮಾರಾಟ ಕಡಿಮೆಯಾಯಿತು. ಬಿಡದವರು ಮಾತ್ರ 1965 ಮತ್ತು 1969ರ ಕಾರುಗಳನ್ನೂ ತಾವೇ ಕಟ್ಟಿ ಸೇರಿಸಿಕೊಂಡು ದಶಕಗಟ್ಟಲೆ ಅದನ್ನು ಬದುಕಿಸಿದರು. ಕೆಮ್ಮರ್ 2004ರಲ್ಲಿ ಜಾನ್ ಹೆನ್ರಿ ಜೊತೆ ಸೇರಿ ಐರೇಸಿಂಗ್ ಕಂಪನಿ ಕಟ್ಟಿದರು. ಅದರ ಸಿಮ್ಯುಲೇಟರಿಗೂ ಲೋಟಸ್ 49 ಸೇರಿತು. 2005ರ ‘ಜಿಟಿ ಲೆಜೆಂಡ್ಸ್’ 1960–70ರ ದಶಕಗಳ ಟೂರಿಂಗ್ ಮತ್ತು ಜಿಟಿ ಕಾರುಗಳನ್ನು ತಂದಿತು. ಇಟಲಿಯ ಕುನೋಸ್ ಸಂಸ್ಥೆಯ ‘ಅಸೆಟ್ಟೊ ಕೊರ್ಸಾ’ ಮತ್ತು ಬ್ರೆಜಿಲ್‌ನ ರೈಜಾ ಸಂಸ್ಥೆಯ ‘ಆಟೋಮೊಬಿಲಿಸ್ತಾ 2’ ಇಂದು ಈ ವರ್ಗದ ಹೆಚ್ಚು ಬಳಕೆಯಲ್ಲಿರುವ ಪ್ರೋಗ್ರಾಮುಗಳಲ್ಲಿ ಸೇರಿವೆ.

ಮನೆಯ ಲಿವರಿನ ಕೊರತೆ

ಮೂರು ಪೆಡಲು ಮತ್ತು ಎಚ್ ಆಕಾರದ ಗೇಟಿನಲ್ಲಿ (ಲಿವರ್ ಸಾಗುವ ಸೀಳುದಾರಿ) ಆಡುವ ಆರು ಗೇರ್ ಲಿವರನ್ನು ಒಂದೇ ಪೆಟ್ಟಿಗೆಯಲ್ಲಿ ಸಾಮಾನ್ಯ ಕೊಳ್ಳುಗರಿಗೆ ತಲುಪಿಸಿದ ಸೆಟ್ಟು 2006ರ ಲಾಜಿಟೆಕ್ ಜಿ25. ರಿವರ್ಸ್ ಹಾಕಲು ಲಿವರನ್ನು ಕೆಳಕ್ಕೆ ಅದುಮಿ ಎಳೆಯಬೇಕಿತ್ತು. ಆಮೇಲೆ ಜಿ27, ಥ್ರಸ್ಟ್‌ಮಾಸ್ಟರ್‌ನ ಏಳು ಗೇರ್‌ಗಳ ಟಿಎಚ್8ಎ, ಫ್ಯಾನಾಟೆಕ್‌ನ ಲೋಹದ ಲಿವರ್ ಇತ್ಯಾದಿ ಬಂದವು. ಇವುಗಳ ಒಳರಚನೆ ಸರಳ. ಲಿವರ್ ಯಾವ ಮೂಲೆಯಲ್ಲಿದೆ ಎಂದು ಒಂದು ಸ್ವಿಚ್ಚು, ಪೊಟೆನ್ಶಿಯೊಮೀಟರ್ ಅಥವಾ ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಕಂಪ್ಯೂಟರಿಗೆ ತಿಳಿಸುತ್ತದೆ. ಅಷ್ಟೇ.

ನಿಜವಾದ ಕಾರಿನಲ್ಲಿ ಹಲ್ಲು ಸೇರದಿದ್ದರೆ ಲಿವರೇ ಒಳಗೆ ಹೋಗುವುದಿಲ್ಲ, ಅಂಗೈಗೆ ಕಂಪನ ಬರುತ್ತದೆ, ಕೈ ತಾನಾಗಿಯೇ ಹಿಂದೆಗೆಯುತ್ತದೆ. ಮನೆಯ ಲಿವರ್ ಯಾವಾಗಲೂ ಒಳಗೆ ಹೋಗುತ್ತದೆ. ಕ್ಲಚ್ ಒತ್ತದಿದ್ದರೂ, ಎಂಜಿನ್ ಬೊಬ್ಬೆ ಹೊಡೆಯುತ್ತಿದ್ದರೂ ಅದು ಬೇಡ ಎನ್ನುವುದಿಲ್ಲ. ಆದ್ದರಿಂದ ನಿರಾಕರಣೆಯ ಕೆಲಸವನ್ನು ಪ್ರೋಗ್ರಾಮು ವಹಿಸಿಕೊಳ್ಳಬೇಕಾಗುತ್ತದೆ. ಚಾಲಕನ ಕೈ ಮೂರನೇ ಗೇರ್‌ನಲ್ಲಿದೆ, ಆದರೆ ಪರದೆಯ ಮೇಲಿನ ಕಾರು ನ್ಯೂಟ್ರಲ್‌ನಲ್ಲಿ ಕಿರುಗುಟ್ಟುತ್ತಿದೆ. ಆಗ ಲಿವರನ್ನು ಹೊರಗೆಳೆದು, ಕ್ಲಚ್ ಒತ್ತಿ ಮತ್ತೆ ತಳ್ಳಬೇಕು. ಕೈಗೆ ತಿಳಿಯಬೇಕಾದ ವಿಷಯವನ್ನು ಇಲ್ಲಿ ಕಿವಿಯಿಂದ ತಿಳಿಯಬೇಕು. ಅನುಭವಿಗಳು ಸದ್ದನ್ನು ಹೆಡ್‌ಫೋನಿನಲ್ಲಿ ಜೋರಾಗಿ ಇಟ್ಟುಕೊಳ್ಳುವುದಕ್ಕೆ ಮುಖ್ಯ ಕಾರಣ ಇದೇ.

ನಿರಾಕರಿಸುವ ನಿಯಮ ಪ್ರೋಗ್ರಾಮಿನಿಂದ ಪ್ರೋಗ್ರಾಮಿಗೆ ಬೇರೆ. ‘ಅಸೆಟ್ಟೊ ಕೊರ್ಸಾ’ದಲ್ಲಿ ಪ್ರತಿ ಕಾರಿನ ಕಡತದಲ್ಲೂ ಒಂದು ಕಿಟಕಿಯ ಅಳತೆ ಬರೆದಿರುತ್ತದೆ. ಹೊಸ ಗೇರ್‌ಗೆ ಬೇಕಾದ ಎಂಜಿನ್ ಸುತ್ತಿಗೂ ಈಗಿರುವ ಸುತ್ತಿಗೂ ವ್ಯತ್ಯಾಸ ಆ ಕಿಟಕಿಯೊಳಗಿದ್ದರೆ ಗೇರ್ ಬೀಳುತ್ತದೆ, ಮೀರಿದರೆ ಇಲ್ಲ. ಆ ಕಾರಿಗೆ ಎಚ್ ಲಿವರ್ ಸಲ್ಲುತ್ತದೆಯೇ ಎಂಬುದೂ ಅದೇ ಕಡತದಲ್ಲಿ ಇರುತ್ತದೆ. ‘ಆರ್‌ಫ್ಯಾಕ್ಟರ್’ ಎಂಬ ಇನ್ನೊಂದು ಪ್ರೋಗ್ರಾಮು ಪ್ರತಿ ಕಾರಿಗೂ ಗೇರ್ ಏರಿಸಲು ಮತ್ತು ಇಳಿಸಲು ಹಿಡಿಯುವ ಕಾಲವನ್ನು ಅಂಕಿಗಳಲ್ಲಿ ಇಟ್ಟಿತ್ತು. ಹೀಗೆ ಕಾರು ಕಟ್ಟಿದವನು ಬರೆದ ಒಂದು ಅಂಕಿಯೇ ಗೇರ್‌ಬಾಕ್ಸಿನ ಗುಣವಾಗಿಬಿಡುತ್ತದೆ. ಅಂಕಿ ಉದಾರವಾಗಿದ್ದರೆ ಒರಟು ಕೈಗೂ ಎಲ್ಲ ಗೇರ್ ಬೀಳುತ್ತದೆ. ಬಿಗಿಯಾಗಿದ್ದರೆ ನುರಿತವರಿಗೂ ತಪ್ಪುತ್ತದೆ.

ಯಾವ ಅಂಕಿಯೂ ಹಿಡಿಯಲಾರದ ಸಂಗತಿಗಳೂ ಇವೆ. 1963ರ ಜೂನ್ 9ರಂದು ಬೆಲ್ಜಿಯಮ್ಮಿನ ಸ್ಪಾದಲ್ಲಿ ಜಿಮ್ ಕ್ಲಾರ್ಕ್ ಓಡಿಸುತ್ತಿದ್ದ ಲೋಟಸ್ 25ರ ಗೇರ್ ಟಾಪ್‌ನಿಂದ ಹಾರಿಹಾರಿ ನ್ಯೂಟ್ರಲ್‌ಗೆ ಬರತೊಡಗಿತು. ಅವರು ಒಂದು ಕೈಯಲ್ಲಿ ಲಿವರನ್ನು ಒತ್ತಿಹಿಡಿದು, ಇನ್ನೊಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು ಆ ಅತಿವೇಗದ ರಸ್ತೆಯಲ್ಲಿ ಓಡಿಸಿದರು. ಮಳೆಯೂ ಸುರಿಯಿತು. ಎರಡನೆಯವರಾಗಿ ಬಂದ ಬ್ರೂಸ್ ಮೆಕ್‌ಲಾರೆನ್‌ಗಿಂತ ಸುಮಾರು ಐದು ನಿಮಿಷ ಮುಂದಾಗಿ ಗೆದ್ದರು. 1991ರ ಮಾರ್ಚ್ 24ರಂದು ಇಂಟರ್‌ಲಾಗೋಸ್‌ನಲ್ಲಿ ಐರ್ಟನ್ ಸೆನ್ನಾಗೆ ಒಂದೊಂದೇ ಗೇರ್ ಕೈಕೊಟ್ಟು, ಕೊನೆಯ ಸುತ್ತುಗಳಲ್ಲಿ ಆರನೆಯದೊಂದೇ ಉಳಿಯಿತು. ಅವರೂ ಗೆದ್ದರು. ಅಂಗೈಯ ಕೆಳಗೆ ಲಿವರ್ ಹಾರಿಬರುವುದು, ಸವೆದ ಗೂಟ ಜಾರುವುದು, ಬಿಸಿಯಾದಂತೆ ಗೇಟು ಬಿಗಿಯಾಗುವುದು ಮನೆಯ ಸಾಮಾನ್ಯ ಲಿವರಿಗೆ ಗೊತ್ತಿಲ್ಲದ ಮಾತುಗಳು. ಮೋಟಾರಿನಿಂದ ಸ್ಟೀರಿಂಗಿಗೆ ಪ್ರತಿಬಲ ಕೊಡುವ ತಂತ್ರ ಎಂದೋ ಮನೆಮನೆಗೆ ಬಂತು. ಗೇರ್ ಲಿವರಿಗೆ ಅದು ತಲುಪಿದ್ದು ತೀರ ಕಡಿಮೆ. ಸ್ಟೀರಿಂಗಿನ ಬಲಕ್ಕೆ ಹಣ ಸುರಿಯುವ ಬದಲು ಲಿವರಿನ ಕಡೆ ಗಮನ ಹರಿಸಿದ್ದರೆ ಹಳೆಯ ಕಾರುಗಳ ಅನುಭವ ಎಷ್ಟೋ ಹತ್ತಿರವಾಗುತ್ತಿತ್ತು.

ಪೆಡಲುಗಳು ಮತ್ತು ಹೊರಡುವ ಗಳಿಗೆ

ಹೀಲ್ ಅಂಡ್ ಟೋ ಬಾರದೆ ತಮ್ಮ ಕಾಲನ್ನೇ ಬೈದುಕೊಳ್ಳುವವರಲ್ಲಿ ಅನೇಕರ ತಪ್ಪು ಕಾಲಿನದಲ್ಲ, ಬ್ರೇಕ್ ಪೆಡಲಿನದು. ನಿಜವಾದ ರೇಸ್ ಕಾರಿನ ಬ್ರೇಕ್ ಕಲ್ಲಿನಂತೆ ಗಟ್ಟಿ. ಪೂರ್ತಿ ಒತ್ತಿದಾಗಲೂ ಸ್ವಲ್ಪವೇ ಕೆಳಗಿಳಿಯುತ್ತದೆ, ಆಗ ಅದು ಆಕ್ಸಿಲರೇಟರಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಅಗ್ಗದ ಸೆಟ್ಟಿನ ಬ್ರೇಕ್ ಸ್ಪ್ರಿಂಗಿನ ಮೇಲೆ ಆಳಕ್ಕೆ ಇಳಿದುಬಿಡುವುದರಿಂದ ಪಾದದ ಬಲ ಅಂಚು ಆಕ್ಸಿಲರೇಟರಿಗಿಂತ ತೀರ ಕೆಳಗೆ ಹೋಗುತ್ತದೆ, ಹೊರಳಿಸಲು ಜಾಗವೇ ಇರುವುದಿಲ್ಲ. ಪೆಡಲು ಎಷ್ಟು ದೂರ ಹೋಯಿತು ಎನ್ನುವುದರ ಬದಲು ಎಷ್ಟು ಬಲ ಬಿತ್ತು ಎಂದು ಅಳೆಯುವ ಲೋಡ್ ಸೆಲ್ ಬ್ರೇಕು ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸುತ್ತದೆ. ಅದಿಲ್ಲದವರು ಬ್ರೇಕಿನ ಹಿಂದೆ ಗಟ್ಟಿ ರಬ್ಬರಿನ ತುಂಡು ಇಟ್ಟು, ಆಕ್ಸಿಲರೇಟರಿನ ತಟ್ಟೆಯನ್ನು ಒಂದಿಷ್ಟು ಹತ್ತಿರಕ್ಕೆ ಸರಿಸಿಕೊಳ್ಳುತ್ತಾರೆ. ಪೆಡಲುಗಳನ್ನು ನೆಲಕ್ಕೆ ಭದ್ರವಾಗಿ ಬಿಗಿಯದಿದ್ದರೆ ಯಾವ ಉಪಾಯವೂ ನಡೆಯದು.

ಕ್ಲಚ್ ಪೆಡಲಿನ ಕೊರತೆ ಬೇರೆ ಬಗೆಯದು. ಡಯಾಫ್ರಮ್ ಸ್ಪ್ರಿಂಗ್ ಇರುವ ನಿಜವಾದ ಕ್ಲಚ್ ಒತ್ತಿದಂತೆ ಮೊದಲು ಬಿಗಿಯಾಗುತ್ತ ಹೋಗಿ, ಒಂದು ಹಂತ ದಾಟಿದ ಮೇಲೆ ಸಡಿಲವಾಗುತ್ತದೆ. ಅಗ್ಗದ ಪೆಡಲಿನಲ್ಲಿ ಬರೀ ಸ್ಪ್ರಿಂಗ್, ಒತ್ತಿದಷ್ಟೂ ಬಿಗಿ. ದುಬಾರಿ ಪೆಡಲುಗಳಲ್ಲಿ ಕೆಲವು ಈ ಏರಿಳಿತವನ್ನು ಯಂತ್ರರಚನೆಯಿಂದಲೇ ತರುತ್ತವೆ. ಆದರೂ ಕ್ಲಚ್ ಪ್ಲೇಟು ಕಚ್ಚುವ ಗಳಿಗೆಯಲ್ಲಿ ಕಾರಿನ ಮೈಯೆಲ್ಲ ಒಮ್ಮೆ ನಡುಗುವುದು, ಮೂತಿ ಎತ್ತುವುದು ಯಾವುದೂ ಕಾಲಿಗೆ ಬರುವುದಿಲ್ಲ. ಪೊಟೆನ್ಶಿಯೊಮೀಟರಿಗೆ ಧೂಳು ಹಿಡಿದರೆ ಕ್ಲಚ್ ತನ್ನಷ್ಟಕ್ಕೆ ಅರ್ಧ ಒತ್ತಿದಂತೆ ಪ್ರೋಗ್ರಾಮಿಗೆ ಕಾಣತೊಡಗುತ್ತದೆ. ನೇರ ರಸ್ತೆಯಲ್ಲಿ ಎಂಜಿನ್ ಕೂಗುತ್ತಿದ್ದರೂ ಕಾರು ಎಳೆಯದಿದ್ದರೆ ಮೊದಲು ನೋಡಬೇಕಾದದ್ದು ಇದನ್ನು. ಪೆಡಲಿನ ಎರಡೂ ತುದಿಯಲ್ಲಿ ಸ್ವಲ್ಪ ನಿಷ್ಕ್ರಿಯ ಜಾಗ ಬಿಟ್ಟು ಹೊಂದಿಸಿಕೊಂಡರೆ ಆ ಉಪದ್ರವ ಕಡಿಮೆಯಾಗುತ್ತದೆ.

ಓಟದ ಆರಂಭದಲ್ಲಿ ಕ್ಲಚ್ಚಿಗೆ ಅದರ ಪೂರ್ಣ ಕೆಲಸ. ಲೋಟಸ್ 49ರಂಥ ಕಾರನ್ನು ಕಡಿಮೆ ಸುತ್ತಿನಲ್ಲಿ ಬಿಟ್ಟರೆ ಎಂಜಿನ್ ಉಸಿರುಗಟ್ಟಿ ಆಫ್ ಆಗುತ್ತದೆ, ಹೆಚ್ಚು ಸುತ್ತಿನಲ್ಲಿ ಥಟ್ಟನೆ ಬಿಟ್ಟರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಶಕ್ತಿ ನುಗ್ಗುವ ಗಡಿಯ ಹತ್ತಿರ ಎಂಜಿನನ್ನು ಹಿಡಿದಿಟ್ಟುಕೊಂಡು, ಕಾರು ಉರುಳುವವರೆಗೆ ಹಾಫ್ ಕ್ಲಚ್‌ನಲ್ಲಿ ಬಿಟ್ಟು, ಆಮೇಲೆ ಬಲಗಾಲಿನಿಂದ ಚಕ್ರದ ತಿರುಗುವಿಕೆಯನ್ನು ಹದಗೊಳಿಸುವುದು ರೂಢಿಯ ಕ್ರಮ. ಏರಿನ ಮೇಲೆ ಸಿಗ್ನಲ್ಲಿಗೆ ನಿಂತು ಹಾಫ್ ಕ್ಲಚ್‌ನಲ್ಲಿ ಗಾಡಿ ಹಿಡಿದು ಅಭ್ಯಾಸವಿರುವ ನಮ್ಮೂರ ಚಾಲಕರಿಗೆ ಈ ಭಾಗ ಬೇಗ ಒಲಿಯುತ್ತದೆ. ಕ್ಲಚ್ ಬಿಸಿಯಾಗಿ ಜಾರುವುದನ್ನೂ ‘ಲೈವ್ ಫಾರ್ ಸ್ಪೀಡ್’ನಂಥ ಕೆಲವು ಪ್ರೋಗ್ರಾಮುಗಳು ಲೆಕ್ಕ ಹಾಕುತ್ತವೆ. ಅಲ್ಲಿ ಹಾಫ್ ಕ್ಲಚ್ಚಿನ ಚಾಳಿ ಓಟದುದ್ದಕ್ಕೂ ಕಾಡುತ್ತದೆ.

ಎಡಗೈ, ಬಲಗೈ, ಗೇಟಿನ ದಾರಿ

ಭಾರತದಲ್ಲಿ ಸ್ಟೀರಿಂಗ್ ಬಲಕ್ಕಿರುವುದರಿಂದ ನಾವು ಎಡಗೈಯಲ್ಲಿ ಗೇರ್ ಹಾಕಿ ಬೆಳೆದವರು. 1960ರ ದಶಕದ ಒಂಟಿ ಸೀಟಿನ ರೇಸ್ ಕಾರುಗಳಲ್ಲಿ ಲಿವರ್ ಸಾಮಾನ್ಯವಾಗಿ ಬಲಗಡೆ. ಹೀಗಾಗಿ ಇಲ್ಲಿನ ಚಾಲಕ ಕೈಯನ್ನು ಹೊಸದಾಗಿ ಪಳಗಿಸಬೇಕಾಗುತ್ತದೆ. ಆದರೆ ಮಿನಿ ಕೂಪರ್ ಅಥವಾ ಜಾಗ್ವಾರ್ ಇ-ಟೈಪ್‌ನ ಬ್ರಿಟಿಷ್ ಮಾದರಿಯಲ್ಲಿ ಕೂತರೆ ಊರಿನ ಕೈಯೇ ಸಾಕು. ಎರಡೂ ಕಡೆ ಕೂರಿಸಬಹುದಾದ ಲಿವರ್ ಕೊಂಡರೆ ಈ ಆಯ್ಕೆ ಕೈಯಲ್ಲೇ ಇರುತ್ತದೆ.

ಗೇಟಿನ ವಿನ್ಯಾಸವೂ ಒಂದೇ ಅಲ್ಲ. ಹಳೆಯ ಪೋರ್ಷೆ 911ರ 901 ಗೇರ್‌ಬಾಕ್ಸ್‌ನಲ್ಲಿ ಫಸ್ಟ್ ಗೇರ್ ಎಡಕ್ಕೆ ಎಳೆದು ಹಿಂದಕ್ಕೆ. ಎರಡು-ಮೂರು ಒಂದೇ ಗೆರೆಯಲ್ಲಿ, ನಾಲ್ಕು-ಐದು ಮುಂದಿನ ಗೆರೆಯಲ್ಲಿ. ಓಟದಲ್ಲಿ ಫಸ್ಟ್ ಬೇಕಾಗುವುದು ಹೊರಡುವಾಗ ಮಾತ್ರ, ಹೆಚ್ಚು ಬಳಸುವ ಎರಡು-ಮೂರು ನೇರ ಗೆರೆಯಲ್ಲಿದ್ದರೆ ಅನುಕೂಲ ಎಂಬುದು ಇದರ ತರ್ಕ. 1972ರಲ್ಲಿ ಬಂದ 915 ಗೇರ್‌ಬಾಕ್ಸ್ ಸಾಮಾನ್ಯ ಕ್ರಮಕ್ಕೆ ಮರಳಿತು. ಯುರೋಪಿನ ಬಿಎಂಡಬ್ಲ್ಯು ಎಂ3 ಇ30 ಕಾರಿಗೂ 901ರಂಥದೇ ಗೇಟು. ಮನೆಯಲ್ಲಿ ಇದನ್ನು ತರುವುದು ಸುಲಭ: ಯಾವ ಮೂಲೆಗೆ ಯಾವ ಗೇರ್ ಎಂದು ಪ್ರೋಗ್ರಾಮಿನಲ್ಲಿ ಬದಲಿಸಿಕೊಂಡರೆ ಆಯಿತು. ಆದರೆ ಬಹಳ ಜನ ಬದಲಿಸುವುದಿಲ್ಲ. ಕಾರು ಬದಲಾದಂತೆ ಕೈಯ ದಾರಿ ಬದಲಾದರೆ ತಪ್ಪು ಗೇರ್ ಬೀಳುವ ಭಯ.

ಪ್ಯಾಡಲಿನ ಜಗಳ

ಆನ್‌ಲೈನ್ ಓಟಗಳಲ್ಲಿ ಹಳೆಯದೊಂದು ತಕರಾರು ಇದೆ. ಒಬ್ಬ ಲಿವರ್ ಮತ್ತು ಕ್ಲಚ್ ಬಳಸುತ್ತಾನೆ, ಪಕ್ಕದವನು ಅದೇ ಕಾರಿಗೆ ಪ್ಯಾಡಲ್ ಎಳೆಯುತ್ತಾನೆ. ಪ್ಯಾಡಲಿನವನ ಎರಡೂ ಕೈ ಸ್ಟೀರಿಂಗಿನ ಮೇಲಿರುತ್ತವೆ, ತಪ್ಪು ಗೇರ್ ಬೀಳುವ ಸಂಭವವೇ ಇಲ್ಲ, ಕ್ಲಚ್ ಮತ್ತು ರೈಸ್ ಎರಡನ್ನೂ ಪ್ರೋಗ್ರಾಮು ನೋಡಿಕೊಳ್ಳುತ್ತದೆ. ಪ್ಯಾಡಲಿನವನ ಪ್ರತಿ ಗೇರ್‌ಗೂ ಸ್ವಲ್ಪ ವಿಳಂಬ ಸೇರಿಸಿ ಕೆಲವು ಪ್ರೋಗ್ರಾಮುಗಳು ಸಮತೋಲ ತರಲು ನೋಡುತ್ತವೆ. ಆದರೆ ಆ ವಿಳಂಬ ಪ್ರತಿ ಸಲವೂ ಒಂದೇ, ಮನುಷ್ಯನ ಕೈಯ ತಡವರಿಕೆ ಒಂದೇ ಅಲ್ಲ. ಇಪ್ಪತ್ತು ಸುತ್ತಿನ ಓಟದ ಕೊನೆಯಲ್ಲಿ ದಣಿದ ಕಾಲು ಮಾಡುವ ತಪ್ಪಿಗೆ ಸಮನಾದ ದಂಡ ಯಂತ್ರಕ್ಕಿಲ್ಲ. ಕೆಲವು ಲೀಗುಗಳು ಪ್ರೋಗ್ರಾಮಿನ ಇಂಥ ಸಹಾಯಗಳನ್ನು ಸರ್ವರಿನಲ್ಲೇ ನಿಷೇಧಿಸುತ್ತವೆ, ಮತ್ತೆ ಕೆಲವು ಸ್ಪರ್ಧಿಗಳ ಮಾತನ್ನೇ ನಂಬುತ್ತವೆ. ಲಿವರ್ ಕೊಳ್ಳಲಾಗದವರನ್ನೂ ಕಾಲಿನ ತೊಂದರೆ ಇರುವವರನ್ನೂ ಹೊರಗಿಡುವ ನಿಯಮ ಸರಿಯಲ್ಲ. ಹಾಗೆಂದು ಲಿವರಿನವರನ್ನೂ ಪ್ಯಾಡಲಿನವರನ್ನೂ ಒಂದೇ ಪಟ್ಟಿಯಲ್ಲಿ ಅಳೆಯುವುದೂ ಸರಿಯಲ್ಲ. ಬೇರೆ ಬೇರೆ ವರ್ಗಗಳಾಗಿ ಓಡಿಸುವುದೇ ನ್ಯಾಯ.

ಅಪರೂಪದ ಕಾರುಗಳು

ಎಚ್ ಗೇಟಿಗೂ ಮೂರು ಪೆಡಲಿನ ಸಾಮಾನ್ಯ ಕ್ರಮಕ್ಕೂ ಒಗ್ಗದ ಹಳೆಯ ಕಾರುಗಳೂ ಇವೆ. 1930ರ ದಶಕದ ಇಆರ್‌ಎ ಕಾರುಗಳಲ್ಲಿ ವಿಲ್ಸನ್ ಪ್ರಿಸೆಲೆಕ್ಟರ್ ಗೇರ್‌ಬಾಕ್ಸ್. ಮುಂದಿನ ಗೇರ್ ಯಾವುದೆಂದು ಸಣ್ಣ ಲಿವರಿನಲ್ಲಿ ಮೊದಲೇ ಆರಿಸಿಟ್ಟುಕೊಂಡು, ಬೇಕಾದ ಕ್ಷಣದಲ್ಲಿ ಎಡಗಾಲಿನ ಪೆಡಲು ಒತ್ತಿದರೆ ಗೇರ್ ಬದಲಾಗುತ್ತದೆ. ಮಾರುಕಟ್ಟೆಯ ಸಾಮಾನ್ಯ ಲಿವರುಗಳನ್ನು ಇದಕ್ಕೆಂದು ಮಾಡಿಲ್ಲ. ಆಸಕ್ತರು ಗುಂಡಿಗಳನ್ನು ಜೋಡಿಸಿ ತಾವೇ ಏನೋ ಒಂದು ಕಟ್ಟಿಕೊಳ್ಳಬೇಕು.

ಫಾಂಜಿಯೊ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಗೆದ್ದ ಮಸೆರಾಟಿ 250ಎಫ್‌ನದು ಇನ್ನೊಂದು ಬಗೆ. ಅದರ ಆಕ್ಸಿಲರೇಟರ್ ಮಧ್ಯದಲ್ಲಿ, ಬ್ರೇಕ್ ಬಲತುದಿಯಲ್ಲಿ. ಸಿಮ್ಯುಲೇಟರ್‌ನ ಪಟ್ಟಿಯಲ್ಲಿ ಎರಡು ಪೆಡಲುಗಳ ಹೆಸರನ್ನು ಅದಲುಬದಲು ಮಾಡಲು ಅರ್ಧ ನಿಮಿಷ ಸಾಕು. ಬಿಗಿಯಾದ ಬ್ರೇಕಿನ ಸ್ಪ್ರಿಂಗನ್ನೂ ಬಲತುದಿಗೆ ಸಾಗಿಸಲು ಒಂದು ಸಂಜೆ ಬೇಕು. ಇದನ್ನು ಕಲಿಯಲು ಹೊರಟವರು ಮೊದಲ ದಿನಗಳಲ್ಲಿ ಬೇರೆ ಕಾರುಗಳಿರುವ ಓಟಕ್ಕೆ ಇಳಿಯುವುದಿಲ್ಲ. ಖಾಲಿ ಟ್ರ್ಯಾಕಿನಲ್ಲಿ, ಎರಡನೇ ಗೇರ್‌ನಲ್ಲಿ, ಒಂದೇ ತಿರುವಿಗೆ ಮತ್ತೆ ಮತ್ತೆ ಬ್ರೇಕ್ ಹಾಕುತ್ತ ಶುರುಮಾಡುತ್ತಾರೆ.